ಕಾಮಾಕ್ಷಿಯ ಅಮಂಗಳ ಪ್ರಚಾರ

ಕನ್ನಡದವರ ಮನೆಯಲ್ಲಿ ಅತಿಥಿಗೆ ‘ಇನ್ನು ಹೊರಡಿ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅರಿಸಿನ ಕುಂಕುಮದ ಬಟ್ಟಲು ತರುತ್ತಾರೆ, ಅಷ್ಟೆ. ಜುರಾಂಗ್ ಈಸ್ಟಿನ ಹದಿನಾಲ್ಕನೇ ಮಹಡಿಯಲ್ಲಿದ್ದ ಶೋಭಾಳ ಮನೆಯಲ್ಲಿ ಆ ಬಟ್ಟಲು ಕಾಫಿಗಿಂತ ಮೊದಲೇ ಬಂತು.

“ಕಾಮಾಕ್ಷಿ ಆಂಟಿ, ತಪ್ಪು ತಿಳ್ಕೋಬೇಡಿ,” ಎಂದಳು ಶೋಭಾ. ಗಂಡನ ಕಂಪ್ಯೂಟರ್ ಕೆಲಸದ ಬೆನ್ನಿಗೆ ಬೆಂಗಳೂರಿನಿಂದ ಬಂದು ವರ್ಷವಾಗಿರದ ಹುಡುಗಿ. “ನೀವು ಹೇಳ್ತಿರೋದೆಲ್ಲಾ ಕರೆಕ್ಟೇ. ಆದ್ರೆ ಇವತ್ತು ಶುಕ್ರವಾರ, ದೀಪ ಬೇರೆ ಹಚ್ಚಿದೀನಿ. ಈ ಟೈಮಲ್ಲಿ ಆ ಟಾಪಿಕ್ಕು...”

“ಯಾವ ಟಾಪಿಕ್ಕಮ್ಮ?”

“ಅದೇ ಆಂಟಿ. ಆ ಟಾಪಿಕ್ಕು.”

“ಸಾವು,” ಎಂದರು ಕಾಮಾಕ್ಷಿ.

ಶೋಭಾ ‘ಟಚ್ ವುಡ್, ಟಚ್ ವುಡ್’ ಎನ್ನುತ್ತಾ ಸೋಫಾದ ಕೈ ಮುಟ್ಟಿದಳು. ಅದು ಪ್ಲಾಸ್ಟಿಕ್ಕಿನದು. ಗಾಬರಿಯಾಗಿ ಕಾಫಿ ಟೇಬಲ್ ಮುಟ್ಟಿದಳು. ಅದು ಗಾಜಿನದು. ಕೊನೆಗೆ ಎದ್ದುಹೋಗಿ ಅಡುಗೆಮನೆಯ ಲಟ್ಟಣಿಗೆ ಮುಟ್ಟಿ ಬಂದಳು. ಕಾಮಾಕ್ಷಿ ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳುವವರು. ಇಪ್ಪತ್ತು ವರ್ಷ ‘ಎಕ್ಸ್’ ಅನ್ನು ‘ಎಕ್ಸ್’ ಎಂದೇ ಕರೆದವರಿಗೆ ಸಾವನ್ನು ‘ಆ ಟಾಪಿಕ್ಕು’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಕುಂಕುಮ ಇಟ್ಟುಕೊಂಡು, “ಭಾನುವಾರ ಬಾಮ್ಮ, ವೋಟು ಯಾರಿಗಾದ್ರೂ ಹಾಕು, ಬಾ,” ಎಂದು ಹೊರಬಿದ್ದರು.

ಆ ಬ್ಲಾಕಿನಲ್ಲಿ ಲಿಫ್ಟು ಎಲ್ಲಾ ಮಹಡಿಗಳಲ್ಲಿ ನಿಲ್ಲುತ್ತಿರಲಿಲ್ಲ. ಹನ್ನೊಂದರವರೆಗೆ ಮೆಟ್ಟಿಲಿಳಿಯಬೇಕು. ಹಿಂದೆ ಬರುತ್ತಿದ್ದ ಗಂಡ ಶಿವರಾಮ್ ಮೊದಲ ತಿರುವಿನಲ್ಲೇ ಶೋಭಾಳ ದನಿ ತೆಗೆದರು. “ಟಚ್ ವುಡ್ ಆಂಟಿ! ನಿಮ್ಮ ಅಂಕಲ್ ತಲೇನೂ ಒಂದ್ಸಲ ಮುಟ್ಲಾ?”

ಸೆಲೆಟಾರಿನಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಶಿವರಾಮ್‌ಗೆ ಇನ್ನೊಬ್ಬರ ಗಂಟಲನ್ನೂ ಹಾಗೇ ಬಿಚ್ಚಿ ತಮ್ಮದಕ್ಕೆ ಜೋಡಿಸಿಕೊಳ್ಳುವ ಚಾಳಿ.

“ನಗು ಬರ್ತಿಲ್ಲ ರೀ. ಇದು ಹದಿನೇಳನೇ ಮನೆ.”

“ಹದಿನೇಳರಲ್ಲಿ ಹದಿನಾರು ಜನ ‘ನೋಡೋಣ’ ಅಂದಿದ್ದಾರೆ ಕಾಮು. ‘ನೋಡೋಣ’ ಅಂದ್ರೆ ನಿನ್ನ ಲೆಕ್ಕದಲ್ಲಿ ಅರ್ಧ ವೋಟು. ನಮ್ಮ ಜನದ ಲೆಕ್ಕದಲ್ಲಿ ಸೊನ್ನೆಗೆ ಇಟ್ಟಿರೋ ಮುದ್ದಿನ ಹೆಸರು.”

“ಹಾಗಾದ್ರೆ ಹದಿನೆಂಟನೇ ಮನೆಗೆ ನಡೀರಿ.”

ಇಷ್ಟಕ್ಕೂ ಈ ಚುನಾವಣೆ ಕನ್ನಡ ಕೂಟದ್ದು. ಊರು ಬಿಟ್ಟು ಬಂದು ನೆಲೆಸಿದ ಈ ಪುಟ್ಟ ದ್ವೀಪದೇಶದ ಆ ತುದಿಯಿಂದ ಈ ತುದಿಯವರೆಗೆ ಹರಡಿದ್ದ ನೂರು ಚಿಲ್ಲರೆ ಮನೆಗಳ ಕೂಟ. ಅದರ ನಿಯಮಾವಳಿ ಬರೆದವರು ಪ್ರೊಫೆಸರ್ ದ್ವಾರಕನಾಥರು. ಓಹಾಯೋದಲ್ಲಿ ಪಿಎಚ್‌ಡಿ ಮಾಡುವಾಗ ಅಲ್ಲಿನ ಅಧ್ಯಕ್ಷರ ಚುನಾವಣೆ ಕಂಡು ಮರುಳಾಗಿದ್ದವರು. ಕೂಟಕ್ಕೂ ‘ಪ್ರೈಮರಿ’ ಇಟ್ಟರು. ಅಂದರೆ ಪೂರ್ವದವರು ತಮ್ಮ ಒಬ್ಬ ಅಭ್ಯರ್ಥಿಯನ್ನು ಆರಿಸಬೇಕು, ಪಶ್ಚಿಮದವರು ತಮ್ಮ ಒಬ್ಬರನ್ನು. ಆಮೇಲೆ ಇಬ್ಬರಿಗೂ ದೊಡ್ಡ ಸಭೆಯಲ್ಲಿ ಪೈಪೋಟಿ. ಹತ್ತು ವರ್ಷದಿಂದ ಯಾವ ಪ್ರೈಮರಿಯೂ ನಡೆದಿರಲಿಲ್ಲ. ಎಲ್ಲಾ ‘ಅವಿರೋಧ’. ನಮ್ಮವರಿಗೆ ಅವಿರೋಧ ಎಂದರೆ ಗೆಲುವಿಗಿಂತ ದೊಡ್ಡ ಮರ್ಯಾದೆ. ಸ್ಪರ್ಧೆಗೆ ನಿಂತವರು ಏನೋ ಮನೆಜಗಳ ಬೀದಿಗೆ ತಂದವರಂತೆ. “ಪ್ರೈಮರಿಯಲ್ಲಿ ಫೇಲ್ ಆಗೋರಿಲ್ಲ ಕಣ್ರೀ, ಎಲ್ಲಾ ಪಾಸ್,” ಎಂದು ಶಿವರಾಮ್ ಅನ್ನುತ್ತಿದ್ದುದು ಅದಕ್ಕೇ.

ಆ ೧೯೯೬ರಲ್ಲೂ ಪಶ್ಚಿಮದಿಂದ ಹಯಗ್ರೀವರು ಅವಿರೋಧವಾಗಿ ಬರಬೇಕಿತ್ತು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ತುಂಬು ಕಂಠ. ಹೆಸರಿನಲ್ಲಿ ಕುದುರೆಯೂ ಇದೆ, ಕಡಲೆಬೇಳೆಯ ಸಿಹಿಯೂ ಇದೆ. ಓಡುವುದಕ್ಕೂ ಸೈ, ಬಡಿಸುವುದಕ್ಕೂ ಸೈ. ಊರಿನಿಂದ ಸಿನಿಮಾದವರನ್ನು ಕರೆಸಿ ಹೋಟೆಲಿನಲ್ಲಿ ರಾಜ್ಯೋತ್ಸವದ ರಾತ್ರಿ ನಡೆಸುವುದು ಅವರ ಕನಸು. ಅಂಥ ಹಬ್ಬದ ಊಟದ ನಡುವೆ ಕಾಮಾಕ್ಷಿ ಎದ್ದು ನಿಂತಿದ್ದರು.

ನಿಂತದ್ದಕ್ಕೆ ಕಾರಣ ಮಾರ್ಚ್ ತಿಂಗಳ ಒಂದು ಭಾನುವಾರ.

ಅಂದು ಕೂಟದ ಯುಗಾದಿ. ಕಾಮಾಕ್ಷಿ ರೇಷ್ಮೆ ಸೀರೆ ಉಟ್ಟು, ರಾತ್ರಿಪಾಳಿ ಮುಗಿಸಿ ಬರುವ ಗಂಡನಿಗಾಗಿ ಕಾದು ತಡವಾಗಿತ್ತು. ಇಬ್ಬರೂ ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನು. ಪಕ್ಕದ ಬ್ಲಾಕಿನ ಬದರಿನಾಥ್. ಮಗನ ಮನೆ ನೋಡಲು ಮೈಸೂರಿನಿಂದ ಬಂದಿದ್ದ ಅವರ ತಂದೆ ಬೆಳಗಿನ ಸ್ನಾನ ಮುಗಿಸಿ, ಪಂಚೆ ಸುತ್ತುತ್ತಾ ಕುಸಿದವರು ಮತ್ತೆ ಏಳಲಿಲ್ಲ. ಬದರಿ ಕೂಟದ ಯಾರ ಮನೆಗೆ ಫೋನು ಮಾಡಿದರೂ ಗಂಟೆ ಹೊಡೆಯುತ್ತದೆ, ಎತ್ತುವವರಿಲ್ಲ. ಎಲ್ಲರೂ ಯುಗಾದಿಯ ಹಾಲ್‌ನಲ್ಲಿ. ಕೊನೆಗೆ ಹಾಲ್‌ಗೇ ಫೋನು ಮಾಡಿದರು. ಫೋನು ಆಗ ಅಧ್ಯಕ್ಷರಾಗಿದ್ದ ದ್ವಾರಕನಾಥರ ಕೈಗೆ ಹೋಯಿತು. ಅವರ ಇನ್ನೊಂದು ಕೈಯಲ್ಲಿ ಮೈಕು. ಎದುರಿಗೆ ಮುನ್ನೂರು ಜನ, ಎಲೆಯ ಮೇಲೆ ಆಗಷ್ಟೇ ಬಿದ್ದ ಹೋಳಿಗೆ. ಹಬ್ಬದ ಎಲೆಯ ಮುಂದೆ ಕೂತವರಿಗೆ ಸಾವಿನ ಸುದ್ದಿ ಹೇಳಬಾರದು ಎಂಬುದು ಅವರ ಅಜ್ಜಿ ಕಲಿಸಿದ ಶಾಸ್ತ್ರ. ಊಟವಾಗಲಿ ಎಂದುಕೊಂಡರು. ಊಟದ ನಂತರ ಮಕ್ಕಳ ನೃತ್ಯವಿತ್ತು. ಅದೂ ಆಗಲಿ ಎಂದುಕೊಂಡರು. ವಂದನಾರ್ಪಣೆಯ ಹೊತ್ತಿಗೆ ಸಂಜೆಯಾಗಿತ್ತು.

ಅಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿತ್ತು. ಲಿಫ್ಟು ನಿಲ್ಲದ ಮಹಡಿ. ಶವಪೆಟ್ಟಿಗೆಯನ್ನು ಮೂರು ಮಹಡಿ ಇಳಿಸಬೇಕು. ವ್ಯಾನಿನ ಜೊತೆ ಬಂದವನು ಡ್ರೈವರ್ ಒಬ್ಬನೇ. ‘ಸಂಬಂಧಿಕರು ಇರ್ತಾರಲ್ಲ’ ಎಂದು ಅವನ ಕಂಪನಿ ಅಂದುಕೊಂಡಿತ್ತು. ಮಗ ಮಡಕೆ ಹಿಡಿದು ಮುಂದೆ ನಡೆಯಬೇಕು. ಹೆಗಲಿಗೆ ಶಿವರಾಮ್, ಡ್ರೈವರ್, ಎದುರು ಮನೆಯ ಮಲಯ್ ಅಂಕಲ್. ನಾಲ್ಕನೆಯ ಮೂಲೆ ಖಾಲಿ. ಕಾಮಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಗಲು ಕೊಟ್ಟರು.

ಅದು ಕೂಟದಲ್ಲಿ ದೊಡ್ಡ ಸುದ್ದಿಯಾಯಿತು. ಹೋಗದೆ ಇದ್ದ ಮುನ್ನೂರು ಜನರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ‘ಹೆಂಗಸಾಗಿ ಹೆಗಲು ಕೊಟ್ಟರಂತೆ, ಅದೂ ಯುಗಾದಿ ಸೀರೆಯಲ್ಲಿ’ ಎಂಬುದಷ್ಟೇ ಮನೆಮನೆ ತಿರುಗಿತು. ಕಾಮಾಕ್ಷಿ ಆಗಲೇ ನಿರ್ಧರಿಸಿದರು. ಅವರಿಗೆ ಬೇಕಾದದ್ದು ಎರಡೇ. ಒಂದು, ಯಾರ ಮನೆಯಲ್ಲಿ ಸಾವಾದರೂ ಒಂದು ಪೇಜರ್ ಸದ್ದಿಗೆ ಎದ್ದು ಬರುವ ಹತ್ತು ಜನ. ಎರಡು, ಯಾವ ಹಬ್ಬ ನಡೆಯುತ್ತಿದ್ದರೂ ಆ ಸುದ್ದಿಯನ್ನು ಆ ಕ್ಷಣವೇ ಮೈಕಿನಲ್ಲಿ ಹೇಳುವ ನಿಯಮ. ಮೈಕು ಇರುವುದು ಅಧ್ಯಕ್ಷರ ಕೈಯಲ್ಲಿ. ಆದ್ದರಿಂದ ಅಧ್ಯಕ್ಷರಾಗಬೇಕು.

ಲೆಕ್ಕ ಸರಿಯಾಗೇ ಇತ್ತು. ಮತ ಕೇಳುವುದೇ ಕಷ್ಟವಾಯಿತು. ಗೃಹಪ್ರವೇಶದ ಮನೆಯಲ್ಲಿ ಕೇಳುವಂತಿಲ್ಲ, ಬಸುರಿ ಇರುವ ಮನೆಯಲ್ಲಿ ಕೇಳುವಂತಿಲ್ಲ, ಮಂಗಳವಾರ ಶುಕ್ರವಾರ ಸಲ್ಲ, ಅಮಾವಾಸ್ಯೆಯಂದು ಮೊದಲೇ ಸಲ್ಲ. ಒಬ್ಬರಂತೂ ಕಾಮಾಕ್ಷಿಯನ್ನು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ದೂರದಿಂದ ಕಂಡು, ಅರ್ಧ ಕುಡಿದ ಟೀ ಬಿಟ್ಟು ಮೀನಿನ ಅಂಗಡಿಯ ಹಿಂದೆ ಮರೆಯಾದರು. ಅವರು ಮೀನಿನ ವಾಸನೆಗೆ ಮೂರ್ಛೆ ಹೋಗುವ ಪೈಕಿ.

ಶನಿವಾರ ಸಂಜೆ ದ್ವಾರಕನಾಥರೇ ಮನೆಗೆ ಕರೆಸಿದರು. ಅವರ ಹೆಂಡತಿ ಸೀತಾ ಉಪ್ಪಿಟ್ಟು ಕೊಟ್ಟು ಬಾಗಿಲ ಬಳಿ ನಿಂತರು. ಹಯಗ್ರೀವರು ಮೊದಲೇ ಬಂದು ಕೂತಿದ್ದರು.

“ನೋಡಮ್ಮ ಕಾಮಾಕ್ಷಿ,” ಎಂದರು ದ್ವಾರಕನಾಥರು, ಪ್ರತಿ ಪದವನ್ನೂ ಕನ್ನಡಕದಂತೆ ಒರೆಸಿ ಇಡುತ್ತಾ. “ವೆಸ್ಟಿನಲ್ಲಿ ಒಮ್ಮತ ಇರಲಿ. ನೀನು ವಿತ್‌ಡ್ರಾ ಮಾಡು. ಹಯಗ್ರೀವ ನಿನ್ನನ್ನ ಮಹಿಳಾ ವಿಭಾಗಕ್ಕೆ ಉಪಾಧ್ಯಕ್ಷೆ ಮಾಡ್ತಾನೆ.”

“ರಂಗೋಲಿ ಕಾಂಪಿಟಿಷನ್ನಿಗಾ ಸಾರ್?”

“ಛೆ ಛೆ, ಮೇಡಂ,” ಎಂದರು ಹಯಗ್ರೀವರು. “ನಿಮ್ಮ ಐಡಿಯಾ ನನಗೂ ಇಷ್ಟಾನೇ. ಆದ್ರೆ ಎಲೆಕ್ಷನ್ನಲ್ಲಿ ಪಾಸಿಟಿವ್ ಆಗಿ ಏನಾದ್ರೂ ಹೇಳ್ಬೇಕಲ್ಲ. ಜನ ಊರು ಬಿಟ್ಟು ಬಂದಿರೋದು ಬದುಕೋಕೆ. ನೀವು ಹೋಗಿ ಹೋಗಿ ಸಾಯೋದರ ಬಗ್ಗೆ...”

“ಬದುಕೋಕೆ ಬಂದೋರೇ ಸಾಯೋದು. ಬರದೇ ಇದ್ದೋರು ಇಲ್ಲಿ ಹೇಗೆ ಸಾಯ್ತಾರೆ?”

ಹಯಗ್ರೀವರು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದರು. ದ್ವಾರಕನಾಥರು ದನಿ ತಗ್ಗಿಸಿದರು. “ನನಗೆ ಗೊತ್ತು, ಆ ದಿನದ್ದು ನನ್ನ ಮೇಲಿನ ಸಿಟ್ಟು ನಿನಗೆ.”

ಕಾಮಾಕ್ಷಿ ತಟ್ಟೆ ಕೆಳಗಿಟ್ಟರು. “ಸಿಟ್ಟಿಲ್ಲ ಸಾರ್. ನೀವು ಎಲೆ ಮುಂದೆ ಕೂತೋರ ಬಗ್ಗೆ ಯೋಚನೆ ಮಾಡಿದ್ರಿ, ತಪ್ಪಲ್ಲ. ಆದ್ರೆ ನಾಳೆ ಇನ್ಯಾರೋ ಮೈಕ್ ಹಿಡ್ಕೊಂಡಿರ್ತಾರೆ, ಅವರಿಗೂ ಒಬ್ಬ ಅಜ್ಜಿ ಇದ್ದಿರ್ತಾರೆ. ಅದಕ್ಕೇ ನಿಯಮ ಬೇಕು ಅಂತಿರೋದು. ನಾನು ವಿತ್‌ಡ್ರಾ ಮಾಡಲ್ಲ.”

ಬಾಗಿಲ ಬಳಿ ಸೀತಾ ಸೆರಗು ಸರಿಮಾಡಿಕೊಂಡರು.

ಹಿಂತಿರುಗುವಾಗ ಎಂಆರ್‌ಟಿ ರೈಲಿನಲ್ಲಿ ಶಿವರಾಮ್ ದ್ವಾರಕನಾಥರ ದನಿ ತೆಗೆಯಲು ಹೋಗಿ, ಹೆಂಡತಿಯ ಮುಖ ನೋಡಿ ಬಿಟ್ಟರು. “ಎಷ್ಟು ಸಿಗಬಹುದು ಕಾಮು?”

“ಬದರಿ, ಅವರ ಹೆಂಡತಿ ರಮಾ, ನೀವು, ನಾನು.”

“ಬದರಿ ಬರಲ್ಲ. ವರ್ಷ ತುಂಬೋವರೆಗೂ ದೀಪ ಹಚ್ಚೋ ಸಭೆಗೆ ಬರಬಾರದಂತೆ. ರಮಾನೂ ಬರಲ್ಲ.”

“ಹಾಗಾದ್ರೆ ಇಬ್ರು,” ಎಂದರು ಕಾಮಾಕ್ಷಿ. ಅವರ ಕಣ್ಣು ಕಿಟಕಿಯ ಹೊರಗಿನ ಫ್ಲ್ಯಾಟುಗಳ ಮೇಲಿತ್ತು. ಲಿಫ್ಟು ನಿಲ್ಲುವ ಮಹಡಿಗಳಿಗೆ ಹೊರಗಿನ ಕಾರಿಡಾರು ಅಗಲ, ಉಳಿದವಕ್ಕೆ ಕಿರಿದು. ಮಾರ್ಚಿನಿಂದೀಚೆಗೆ ಯಾವ ಕಟ್ಟಡ ನೋಡಿದರೂ ಅವರಿಗೆ ಮೊದಲು ಕಾಣುತ್ತಿದ್ದುದು ಅದೇ.

ಭಾನುವಾರ ಬೆಳಿಗ್ಗೆ, ಹೆಸರಿನಲ್ಲಿ ‘ಈಸ್ಟ್’ ಇದ್ದರೂ ಪಶ್ಚಿಮಕ್ಕೇ ಸೇರಿದ ಜುರಾಂಗ್ ಈಸ್ಟಿನ ಸಮುದಾಯ ಭವನದ ಕೋಣೆಯಲ್ಲಿ ಬಿಸಿಬೇಳೆ ಬಾತಿನ ಪರಿಮಳ ಅಭ್ಯರ್ಥಿಗಳಿಗಿಂತ ಮೊದಲೇ ಮತದಾರರನ್ನು ಸೆಳೆದುಕೊಂಡಿತ್ತು. ಹಯಗ್ರೀವರು ಹದಿನೈದು ನಿಮಿಷ ಮಾತಾಡಿದರು. ಕಾವೇರಿ ಹರಿಯಿತು, ಕೂಟದ ಕೀರ್ತಿ ಹಿಮಾಲಯಕ್ಕೇರಿತು, ಚಪ್ಪಾಳೆ ಬಿತ್ತು. ಕಾಮಾಕ್ಷಿ ಮೂರು ನಿಮಿಷ ಮಾತಾಡಿದರು. ಹತ್ತು ಜನ, ಒಂದು ನಿಯಮ. ‘ಸಾವು’ ಎಂಬ ಪದವನ್ನು ನಾಲ್ಕು ಬಾರಿ ಬಳಸಿದರು. ಪ್ರತಿ ಬಾರಿಗೂ ಕುರ್ಚಿಗಳ ಮರದ ಕೈಗಳನ್ನು ಯಾರೋ ಮುಟ್ಟುವ ಟಪಟಪ ಸದ್ದಾಯಿತು. ಕೂತವರು ಚಪ್ಪಾಳೆ ಹೊಡೆದಂತೆಯೇ ಕೇಳುತ್ತಿತ್ತು.

ನಿಯಮಾವಳಿಯ ಪ್ರಕಾರ ಕೈ ಎತ್ತಿ ಮತ. ದ್ವಾರಕನಾಥರು ಗಂಟಲು ಸರಿಪಡಿಸಿಕೊಂಡರು. “ಹಯಗ್ರೀವರಿಗೆ?”

ಕೈಗಳು ಎದ್ದವು. ಎಣಿಸಿದರು. ನಲವತ್ತಾರು. ಆ ನಲವತ್ತಾರರಲ್ಲಿ ಒಂದು ಶಿವರಾಮ್ ಅವರದು. ಕಾಮಾಕ್ಷಿ ತಿರುಗಿ ನೋಡಿದಾಗ ಅವರು ಆ ಕೈಯಿಂದಲೇ ತಲೆ ಕೆರೆದುಕೊಂಡು, “ಎದುರಿಗೇ ಕೂತಿದ್ದಾರೆ ಕಣೇ, ಹೇಗೆ ಎತ್ತದೇ ಇರೋದು?” ಎಂದು ಪಿಸುಗುಟ್ಟಿದರು.

“ಕಾಮಾಕ್ಷಿಯವರಿಗೆ?”

ಮತ್ತೆ ಕೈಗಳು ಎದ್ದವು. ಅವೇ ಕೈಗಳು. ಹಯಗ್ರೀವರದೂ ನಗುನಗುತ್ತಾ ಎದ್ದಿತು. ದ್ವಾರಕನಾಥರು ಎಣಿಸಿದರು, ಕನ್ನಡಕ ತೆಗೆದು ಮತ್ತೆ ಎಣಿಸಿದರು. ನಲವತ್ತಾರು.

“ಒಬ್ಬರಿಗೆ ಒಂದೇ ವೋಟು ಕಣ್ರಪ್ಪಾ!”

“ಇಬ್ರೂ ಒಳ್ಳೆಯೋರೇ ಅಲ್ವಾ ಸಾರ್!” ಹಿಂದಿನ ಸಾಲಿನಿಂದ ಯಾರೋ.

“ಯಾರ ಮನಸ್ಸು ಯಾಕೆ ನೋಯಿಸ್ಬೇಕು ಸಾರ್!” ಮಧ್ಯದ ಸಾಲಿನಿಂದ.

“ಬಾತು ಆರ್ತಿದೆ ಸಾರ್!” ಇದು ಎಲ್ಲ ಸಾಲುಗಳಿಂದ.

ಓಹಾಯೋದ ಯಾವ ಪುಸ್ತಕದಲ್ಲೂ ದಾಕ್ಷಿಣ್ಯಕ್ಕೆ ಅಧ್ಯಾಯವಿರಲಿಲ್ಲ. ದ್ವಾರಕನಾಥರು ಯೋಚಿಸಿ, “ದೇವರ ಫೋಟೋ ಮುಂದೆ ಚೀಟಿ ಎತ್ತಿಸೋಣ. ಮಗು ಕೈಲಿ,” ಎಂದರು. ಸಭೆಗೆ ಸಮಾಧಾನವಾಯಿತು. ದೇವರು ಆರಿಸಿದರೆ ಯಾರ ಮೇಲೂ ಮಾತಿಲ್ಲ.

ಕಾಮಾಕ್ಷಿಯ ತಲೆಯಲ್ಲಿ ಲೆಕ್ಕ ಓಡಿತು. ಎರಡು ಚೀಟಿ, ಅರ್ಧಕ್ಕರ್ಧ ಸಾಧ್ಯತೆ. ನಿನ್ನೆ ಎಂಆರ್‌ಟಿಯಲ್ಲಿ ಇಬ್ಬರೇ ಎಂದುಕೊಂಡವರಿಗೆ ಇದು ಸ್ವರ್ಗ. ಚೀಟಿ ಬಂದರೆ ಅಧ್ಯಕ್ಷಗಿರಿಯ ಹತ್ತಿರಕ್ಕೆ ಹೋದಂತೆ, ಮೈಕಿನ ಹತ್ತಿರಕ್ಕೆ ಹೋದಂತೆ. ಹೂಂ ಎಂದರೆ ಸಾಕು. ಆದರೆ ನಾಳೆ ಮೈಕು ಹಿಡಿದು ಸಾವಿನ ಸುದ್ದಿ ಹೇಳಿದಾಗ ಎದ್ದು ಬರುವವರು ಯಾರು? ಈ ನಲವತ್ತಾರು ಕೈಗಳಾ? ಅತ್ತಲೂ ಎದ್ದು ಇತ್ತಲೂ ಎದ್ದ ಕೈಗಳು ಎಲ್ಲಿಗೂ ಬರುವುದಿಲ್ಲ.

“ಚೀಟಿ ಬೇಡ ಸಾರ್,” ಎಂದು ಅವರು ಎದ್ದು ನಿಂತರು. “ಇನ್ನೊಂದ್ಸಲ ಎಣಿಸಿ. ಆದ್ರೆ ಈ ಸಲ ನನ್ನ ಕಡೆಯಿಂದ ಒಂದು ಷರತ್ತು. ನನಗೆ ಯಾರು ಕೈ ಎತ್ತುತ್ತಾರೋ ಅವರೇ ಆ ಹತ್ತು ಜನ. ಸಾವಾದ ಮನೆಯಿಂದ ಪೇಜ್ ಬಂದ್ರೆ ಹೊರಟು ಬರ್ಬೇಕು. ಹಬ್ಬ ಇರ್ಲಿ, ಆಫೀಸ್ ಇರ್ಲಿ, ಮಧ್ಯರಾತ್ರಿ ಇರ್ಲಿ. ಆಗಲ್ಲ ಅನ್ನೋರು ದಯವಿಟ್ಟು ನನಗೆ ಎತ್ತಬೇಡಿ. ನನಗೆ ಒಂದು ಚೂರೂ ಬೇಜಾರಿಲ್ಲ.”

“ಕಾಮು,” ಎಂದರು ಶಿವರಾಮ್ ಮೆಲ್ಲಗೆ, ಈ ಸಲ ಯಾರ ದನಿಯಲ್ಲೂ ಅಲ್ಲದೆ. “ಅರ್ಧ ಗೆದ್ದಿರೋದನ್ನ ಪೂರ್ತಿ ಸೋಲ್ತಿದ್ಯಲ್ಲೇ.”

“ಸೋಲ್ತೀನಿ. ಎತ್ತಿ ಕೈ.”

ಶಿವರಾಮ್ ಎತ್ತಿದರು. ಸುತ್ತಲೂ ಕೈಗಳು ಮಡಿಲಿಗೆ, ಜೇಬಿಗೆ, ಮಕ್ಕಳ ತಲೆಯ ಮೇಲಕ್ಕೆ ಇಳಿದವು. ಒಂದು. ಬಾಗಿಲ ಕಡೆಯಿಂದ ಇನ್ನೆರಡು: ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತಿದ್ದ ಬದರಿನಾಥ್, ಪಕ್ಕದಲ್ಲಿ ರಮಾ. “ದೀಪ ಇರೋದು ಒಳಗಡೆ, ನಾವು ಹೊರಗಡೆ ಇದೀವಿ. ಲೆಕ್ಕಕ್ಕೆ ಬರುತ್ತಲ್ವಾ ಸಾರ್?” ಎಂದರು ಬದರಿ. ದ್ವಾರಕನಾಥರು ಹೌದೆಂದು ತಲೆಯಾಡಿಸಿದರು. ಆಮೇಲೆ ಮುಂದಿನ ಸಾಲಿನಲ್ಲಿ ಬಳೆ ಸದ್ದಾಯಿತು. ಸೀತಾ. ಗಂಡ ನೋಡುತ್ತಿದ್ದಂತೆ ಅವರು ಕೈಯನ್ನು ಇನ್ನೂ ಸ್ವಲ್ಪ ಮೇಲೆತ್ತಿದರು.

“ಸೀತಾ, ನೀನು...”

“ಎಣಿಸ್ರೀ.”

ಹಿಂದೆ ಮೂವರು ಹುಡುಗರು, ಒಂದೇ ಫ್ಲ್ಯಾಟಿನಲ್ಲಿ ಬಾಡಿಗೆಗಿರುವ ಎಂಜಿನಿಯರುಗಳು, ಪರಸ್ಪರ ಮುಖ ನೋಡಿಕೊಂಡು ಎತ್ತಿದರು. ಕಾಮಾಕ್ಷಿಯದು ಸೇರಿ ಎಂಟಾಯಿತು. ಶೋಭಾಳ ಕೈ ಮಾತ್ರ ಮೊಣಕೈವರೆಗೆ ಎದ್ದು ಅಲ್ಲೇ ನಿಂತಿತ್ತು.

“ಅರ್ಧ ವೋಟಿಲ್ಲಮ್ಮಾ,” ಎಂದರು ದ್ವಾರಕನಾಥರು.

“ಆಂಟಿ, ನಿಜ ಹೇಳ್ಲಾ? ನಂಗೆ ತುಂಬಾ ಭಯ. ಆ ಮನೆ ಒಳಗೆ ನಾನು ಬರಲ್ಲ. ಆದ್ರೆ ಅವರ ಮನೇಲಿ ಅವತ್ತು ಒಲೆ ಹಚ್ಚೋ ಹಾಗಿಲ್ವಲ್ಲ? ಅಡುಗೆ ಮಾಡಿ ಕಳಿಸ್ತೀನಿ. ಮಕ್ಕಳಿದ್ರೆ ನಮ್ಮನೇಲಿ ಮಲಗಿಸ್ಕೋತೀನಿ. ಅದು ನಡೆಯತ್ತಾ?”

ಕಾಮಾಕ್ಷಿಗೆ ಮಾರ್ಚಿನ ಆ ಮಧ್ಯಾಹ್ನ ನೆನಪಾಯಿತು. ಬದರಿಯ ಮಗ ಅಜಯ್ ಹಸಿದು ಒಣ ಬ್ರೆಡ್ ತಿನ್ನುತ್ತಾ ತಾತನ ಚಪ್ಪಲಿ ಪಕ್ಕ ಕೂತಿದ್ದ. ಹೆಗಲಿನ ಲೆಕ್ಕದಲ್ಲಿ ಮುಳುಗಿ ಅವರು ಅವನನ್ನು ಮರೆತೇಬಿಟ್ಟಿದ್ದರು. ಇಷ್ಟು ಮನೆ ತಿರುಗಿದರೂ ಇದನ್ನು ಒಂದು ಕಡೆಯೂ ಕೇಳಿರಲಿಲ್ಲ.

“ನಡೆಯತ್ತೆ,” ಎಂದರು. “ಅದು ಬೇಕೇ ಬೇಕು. ನನಗೇ ಹೊಳೆದಿರಲಿಲ್ಲ ನೋಡು.”

ಶೋಭಾಳ ಕೈ ನೆಟ್ಟಗಾಯಿತು. ಅದನ್ನು ಕಂಡು, ‘ಅಡುಗೆ ಆದ್ರೆ ನಾನೂ’ ‘ಫ್ಲೈಟ್ ಟಿಕೆಟ್ಟು, ಎಂಬೆಸಿ ಓಡಾಟ ಆದ್ರೆ ನಾನು’ ಎಂದು ಇನ್ನಿಬ್ಬರು. ಹನ್ನೊಂದು.

ಹಯಗ್ರೀವರು ನಕ್ಕರು. ಕೆಟ್ಟ ನಗುವಲ್ಲ; ಗೆದ್ದವನ ನಗು. “ಮೇಡಂ ಷರತ್ತು ಹಾಕಿದ್ರೆ ನಾನೂ ಹಾಕ್ಬೇಕು, ನ್ಯಾಯ ಅಂದ್ರೆ ನ್ಯಾಯ. ನನಗೆ ಕೈ ಎತ್ತೋರು ರಾಜ್ಯೋತ್ಸವದ ನೈಟಿಗೆ ತಲಾ ಹತ್ತು ಟಿಕೆಟ್ ಮಾರ್ಬೇಕು. ಆಫೀಸಲ್ಲಿ, ಚೈನೀಸ್ ಫ್ರೆಂಡ್ಸಿಗೆ, ಯಾರಿಗಾದ್ರೂ. ಕಮಾನ್, ಎತ್ತಿ!”

ಎಲ್ಲರೂ ಬಿಸಿಬೇಳೆ ಬಾತಿನ ಪಾತ್ರೆಯನ್ನು ಬಹಳ ಆಸಕ್ತಿಯಿಂದ ನೋಡಿದರು. ಒಬ್ಬರಿಗೆ ಕೆಮ್ಮು ಬಂತು. ಮೀನಿನ ಅಂಗಡಿ ಹಿಂದೆ ಅಡಗಿದವರು ಈ ಸಲ ಹೆಂಡತಿಯ ಹಿಂದೆ ಅಡಗಿದರು. ದ್ವಾರಕನಾಥರು ಎರಡು ಸಲ ಎಣಿಸಬೇಕಾಗಲಿಲ್ಲ. ಎಂಟು. ಹಯಗ್ರೀವರು ತಮ್ಮ ಕೈಯನ್ನು ಆಮೇಲೆ ನೆನಪಿಸಿಕೊಂಡು ಎತ್ತಿದರು. ಒಂಬತ್ತು.

ಇಬ್ಬರಿಗೂ ಎತ್ತದೆ ಉಳಿದವರ ಮುಖದಲ್ಲಿ ತಾವು ಮೊದಲ ಸಲ ನಿಜ ಹೇಳಿದ ಗಾಬರಿ ಇತ್ತು.

“ಪಶ್ಚಿಮದ ಅಭ್ಯರ್ಥಿ,” ದ್ವಾರಕನಾಥರು ಮೈಕು ತೆಗೆದುಕೊಂಡರು, ಆ ಸಣ್ಣ ಕೋಣೆಗೆ ಮೈಕು ಬೇಕಿರಲಿಲ್ಲ, “ಶ್ರೀಮತಿ ಕಾಮಾಕ್ಷಿ ಶಿವರಾಮ್.” ಆಮೇಲೆ ಮೈಕು ಬದಿಗಿಟ್ಟು, “ಅಮ್ಮಾ, ಪೂರ್ವದವರು ನಮ್ಮ ಹಾಗಲ್ಲ. ಎಲ್ಲಾ ದುಡ್ಡಿರೋ ಕಾಂಡೋ ಜನ. ಅಲ್ಲಿ ಈ ವಿಷಯ ಎತ್ತಿದ್ರೆ ಸೆಕ್ಯೂರಿಟಿನೇ ಒಳಗೆ ಬಿಡಲ್ಲ. ಸ್ವಲ್ಪ ಮೆತ್ತಗೆ, ‘ಕಮ್ಯುನಿಟಿ ಸಪೋರ್ಟ್’ ಅಂತ ಏನಾದ್ರೂ ಹೆಸರಿಡು,” ಎಂದರು.

“ಹೆಸರು ಇದೆಯಲ್ಲ ಸಾರ್. ಸಾವು ಅಂತಾನೇ ಹೇಳ್ತೀನಿ. ಒಲೆ ವಿಷಯಾನೂ ಸೇರಿಸ್ತೀನಿ.”

ಹಯಗ್ರೀವರು ಬಂದು ಕೈ ಕುಲುಕಿ, ಸ್ವಲ್ಪ ತಡೆದು, “ನಂದು ದೊಡ್ಡ ಕಾರು ಮೇಡಂ. ಬೇಕಾದ್ರೆ ಹೇಳಿ,” ಎಂದರು.

“ಹಗಲಾ ರಾತ್ರಿನಾ ಅಂತ ಯೋಚನೆ ಮಾಡಿ ಹೇಳಿ,” ಎಂದರು ಕಾಮಾಕ್ಷಿ. “ಅವಸರ ಇಲ್ಲ.”

ಬಾತಿನ ಸಾಲು ಕೋಣೆಯ ಗೋಡೆ ಸುತ್ತಿ ಬೆಳೆದಿತ್ತು. ಕಾಮಾಕ್ಷಿ ಬ್ಯಾಗು ಹೆಗಲಿಗೇರಿಸಿದರು.

“ಊಟ?” ಎಂದರು ಶಿವರಾಮ್, ಸಾಲಿನ ಕಡೆ ಆಸೆಯಿಂದ ನೋಡುತ್ತಾ.

“ನಿಮ್ಮದು ಮಾಡ್ಕೊಂಡು ಬನ್ನಿ. ಪೂರ್ವದವರನ್ನ ಕೇಳೋಕೆ ದೊಡ್ಡ ಸಭೆಗೆ ಮುಂಚೆ ಇನ್ನು ಮೂರೇ ವಾರ ಇದೆ. ಇವತ್ತು ಭಾನುವಾರ, ಎಲ್ಲಾ ಮನೇಲಿರ್ತಾರೆ.”

“ನಾನೂ ಬರ್ತೀನಿ ತಡಿ,” ಎಂದು ಸೀತಾ ಚಪ್ಪಲಿ ಹುಡುಕಿದರು. “ಪೂರ್ವದ ಕಡೆ ಬೆಡೋಕ್‌ನಲ್ಲಿ ನಮ್ಮ ನಾದಿನಿ ಇದ್ದಾಳೆ. ಆದ್ರೆ ಅವಳ ಮನೆ ಕೊನೆಗೆ ಇಟ್ಕೋ ಕಾಮಾಕ್ಷಿ, ಸತ್ತ ಹಲ್ಲಿ ಕಂಡ್ರೂ ಮೂರು ದಿನ ನಿದ್ದೆ ಮಾಡಲ್ಲ ಅವಳು.”

“ಹಾಗಿದ್ರೆ ಅವರ ಮನೆಯಿಂದಲೇ ಶುರು,” ಎಂದರು ಕಾಮಾಕ್ಷಿ, ಮತ್ತು ಸ್ಟೇಷನ್ನಿನ ಕಡೆ ಬಿರಬಿರನೆ ನಡೆದರು.